ಟೆಲಿ ಲೆನ್ಸ್ ನುಂಗಿದ ನೆಲ

ವಾಲ್ಪರೈಸೊ,
14 ಆಗಸ್ಟ್ 1986

ನನ್ನ ಮಿರೆಯಾ,

ನಿನ್ನ ಕಾಗದ ಬಂದು ತಿಂಗಳಾಯಿತು, ಬೈಯಬೇಡ. ಕೋರ್ಟಿಗೆ ಅಲೆಯುವುದರಲ್ಲಿ ಫೋಟೋ ಸ್ಟುಡಿಯೋ ಬಾಗಿಲನ್ನೂ ತೆಗೆದಿಲ್ಲ. ಗಡಿಯಾಚೆ ಮೆಂದೋಸಾದಲ್ಲಿ ಚಳಿ ಜೋರಂತೆ, ಕಂಬಳಿ ಇದೆಯೇ?

ಯಾವ ಲೆನ್ಸ್ ಕೊಳ್ಳಲಿ ಎಂದು ಕೇಳಿದ್ದೀಯ. ಐವತ್ತು ಮಿಲಿಮೀಟರಿನದು ಹೆಚ್ಚುಕಡಿಮೆ ನಮ್ಮ ಕಣ್ಣಿನಂತೆ ನೋಡುತ್ತದೆ. ಇಪ್ಪತ್ತೆಂಟರ ವೈಡ್ ಲೆನ್ಸಿನಲ್ಲಿ ಇಡೀ ಬೀದಿ ಹಿಡಿಸುತ್ತದೆ, ಆದರೆ ಮುಖ ಬೇಕೆಂದರೆ ಲಾಠಿ ಬೀಸುವಷ್ಟು ಹತ್ತಿರ ಹೋಗಿ ನಿಲ್ಲಬೇಕು. ಇನ್ನೂರರ ಟೆಲಿ ಲೆನ್ಸ್ ದೂರದ್ದನ್ನು ಎಳೆದು ತರುತ್ತದೆ. ತರುವಾಗ ನಡುವಿನ ನೆಲವನ್ನು ನುಂಗಿಬಿಡುತ್ತದೆ.

ಹಾಗೆ ನುಂಗಿದ್ದರಿಂದಲೇ ಪಕ್ಕದ ಮನೆಯ ಎಲಿಸಿಯೊ ಈಗ ಜೈಲಿನಲ್ಲಿದ್ದಾನೆ. ನೀನು ಮಾಳಿಗೆಯಿಂದ ಟೆಲಿಯಲ್ಲಿ ತೆಗೆದ, ಸರ್ಕಾರದ ವಿರುದ್ಧದ ಮೆರವಣಿಗೆಯ ಚಿತ್ರವನ್ನು ಪತ್ರಿಕೆ ನಿನ್ನ ಹೆಸರಿಲ್ಲದೆ ಅಚ್ಚುಹಾಕಿತು. ಬ್ರೆಡ್ ಚೀಲ ಹಿಡಿದು ಮನೆಗೆ ಹೊರಟವನು ಅವನು. ಬೆಂಕಿ ಬಾಟಲಿ ಎಸೆದವನು ಇದ್ದದ್ದು ಅರ್ಧ ಬೀದಿ ಆಚೆ. ಚಿತ್ರದಲ್ಲಿ ಇಬ್ಬರೂ ಹೆಗಲಿಗೆ ಹೆಗಲು ಕೊಟ್ಟು ನಿಂತಿದ್ದಾರೆ.

ಸಾಕ್ಷಿ ಹೇಳಲು ಹೋದೆ, ಇಬ್ಬರ ನಡುವಿನ ದೂರವನ್ನು ಲೆನ್ಸ್ ನುಂಗಿದೆ ಎಂದೆ. "ಕ್ಯಾಮೆರಾ ಕುಡಿದಿತ್ತೇನಮ್ಮಾ?" ಎಂದ ನ್ಯಾಯಾಧೀಶ.

"ಕುಡಿದಿರಲಿಲ್ಲ ಸ್ವಾಮಿ, ದೂರ ನಿಂತಿತ್ತು. ನೀವೂ ಅಷ್ಟೇ ದೂರ ಕೂತಿದ್ದೀರಿ" ಎಂದೆ. ಹೊರಗೆ ದಬ್ಬಿಸಿದ. ಸೈನ್ಯದ ಸಮವಸ್ತ್ರದ ಪಕ್ಕ ಕೂತು ಊಟ ಮಾಡುವ ನ್ಯಾಯಕ್ಕೆ ಬಡವನ ಚೀಲದಲ್ಲಿ ಬ್ರೆಡ್ ಕಾಣುವುದಿಲ್ಲ, ಬಾಂಬೇ ಕಾಣುತ್ತದೆ.

ವಕೀಲ ಬಾಲ್ತಸಾರ್ ಹೇಳಿದ: "ನಿಮ್ ಮಗಳು ವೈಡ್ ಲೆನ್ಸಲ್ಲೂ ಒಂದು ತೆಗ್ದಿದಾಳಂತಲ್ಲ, ಅದರ ನೆಗೆಟಿವ್ ಬೇಕು. ತೆಗೆದವ್ಳೇ ಬಂದು ನಿಂತು ಹೇಳ್ಬೇಕು. ಇಲ್ದಿದ್ರೆ ಹುಡುಗನ್ನ ಮರ್ತುಬಿಡಿ."

ಮುಂದಿನ ತಿಂಗಳ ಮೊದಲ ವಾರ ವಿಚಾರಣೆ. ಪೊಲೀಸರ ಕೈಗೆ ಸಿಗದೆ ಗಡಿ ದಾಟಿ ಉಳಿದವಳು ನೀನು. ಬಂದರೆ ನಿನ್ನನ್ನೂ ಹಿಡಿದಾರು, ಅದನ್ನು ಮುಚ್ಚಿಡುವುದಿಲ್ಲ. ಆದರೂ ನೆಗೆಟಿವ್ ತೆಗೆದುಕೊಂಡು ಬಾ ಎನ್ನುತ್ತಿದ್ದೇನೆ.

ನಿನ್ನ ಕಣ್ಣು ಮಂಜಾಗದಿರಲಿ, ಕಾಲು ನಡುಗದಿರಲಿ.

ನಿನ್ನ ಅಮ್ಮ,
ಗ್ರಿಸೆಲ್ದಾ

ಮತ್ತೊಂದು ಮಾತು: ನಿನ್ನೆ ಎಲಿಸಿಯೊನ ತಾಯಿ ಓತಿಲಿಯಾ ಸಂಜೆಯ ಚಹಾಕ್ಕೆ ಬಂದಿದ್ದಳು. ಬ್ರೆಡ್ಡಿಗೆ ಬೆಣ್ಣೆಹಣ್ಣು ಸವರುತ್ತಾ, "ನಿನ್ ಮಗ್ಳನ್ನ ಕರೀಬೇಡ ಕಣೇ. ಒಂದು ಬೀದಿಯಿಂದ ಒಬ್ರು ಒಳಗಿದ್ರೆ ಸಾಕು" ಎಂದಳು. ಕೇಳಿ ನನ್ನ ಎದೆ ಹಗುರಾಯಿತು ಮಿರೆಯಾ. ಅವಳ ಮಗ ಒಳಗೆ ಕೊಳೆಯುತ್ತಿರುವಾಗ, ಅವಳ ಎದುರೇ, ನನ್ನ ಎದೆ ಹಗುರಾಯಿತು. ಅವಳಿಗೆ ಅದು ಕಂಡಿರಬೇಕು. ಬ್ರೆಡ್ ಅರ್ಧಕ್ಕೇ ಬಿಟ್ಟು ಎದ್ದಳು. ಅಂಚೆಯಲ್ಲಿ ಕಾಗದ ಒಡೆದು ಓದುತ್ತಾರೆ. ಮೆಂದೋಸಾ ಬಸ್ಸಿನ ಚಾಲಕನ ಕೈಗೇ ಕೊಡುತ್ತೇನೆ, ಈಗಲೇ, ನಾನೇ ಇದನ್ನು ಹರಿದುಹಾಕುವ ಮುನ್ನ.