ಅಕ್ಕನ ಮಗುವಿಗೆ ಇಟ್ಟ ಹೆಸರು

ಅಬ್ಬಾ,

ಸಲಾಂ. ಅಕ್ಕ ಬದುಕಿದ್ದಾಳೆ. ನೀವು ಕೇಳಲಿಲ್ಲ, ಆದರೂ ಮೊದಲು ಅದನ್ನೇ ಬರೆಯುತ್ತಿದ್ದೇನೆ.

ಬೀದಿಯಲ್ಲಿ ಯಾರಿಗೆ ಮಗು ಹುಟ್ಟಿದರೂ ಹೆಸರು ಕೇಳಲು ನಮ್ಮ ಮನೆಗೆ, ನಿಮ್ಮ ಬಳಿಗೇ ಬರುತ್ತಿದ್ದರು. ಅರಬ್ಬಿ ಮೇಷ್ಟ್ರಿಗೆ ಮೂರಕ್ಷರ ಕೊಟ್ಟರೆ ಮೂವತ್ತು ತೊಟ್ಟಿಲು ತುಂಬಿಸ್ತಾರೆ ಎಂದು ದರ್ಜಿ ಮಾವ ನಗುತ್ತಿದ್ದ. ಹ, ಮ, ದ ಎಂದರೆ ಹೊಗಳಿಕೆ, ಹಮೀದ್, ಅಹ್ಮದ್, ಮಹಮೂದ್ ಎಲ್ಲ ಅದರ ಮಕ್ಕಳೇ ಎಂದು ನಮ್ಮಿಬ್ಬರನ್ನು ಕೂರಿಸಿಕೊಂಡು ಹೇಳಿದಿರಿ. ರ, ಹ, ಮ ಎಂಬ ಮೂರಕ್ಷರಕ್ಕೆ ಬಂದಾಗ ನಿಮ್ಮ ದನಿ ಮೆತ್ತಗಾಯಿತು. ತಾಯಿಯ ಗರ್ಭಕ್ಕೂ ಕರುಣೆಗೂ ಬೇರು ಒಂದೇ. ದೇವರನ್ನು ರಹಮಾನ್, ರಹೀಮ್ ಎಂದು ಕರೆಯುವುದೂ ಅದರಿಂದಲೇ. ಒಡಹುಟ್ಟು, ಬಂಧುಬಳಗವನ್ನು ಕಡಿದುಕೊಂಡವನು ಆ ಬೇರನ್ನೇ ಕಡಿದಂತೆ ಎಂದಿರಿ. ನಾವು ಕರುಳು ಅಂತೀವಲ್ಲ, ಹಾಗೇನಾ ಎಂದಳು ಅಕ್ಕ. ನೀವು ಅವಳ ತಲೆ ನೇವರಿಸಿದಿರಿ.

ಅವಳು ತಾನು ಮೆಚ್ಚಿದವನನ್ನು ಮದುವೆಯಾದಾಗ ಬಾಗಿಲು ಹಾಕಿಕೊಂಡವರೂ ನೀವೇ.

ಮಗು ಹೊಟ್ಟೆಯಲ್ಲೇ ತೀರಿಹೋಗಿತ್ತು. ರಕ್ತ ನಿಲ್ಲಲಿಲ್ಲ, ಅಕ್ಕನ ಜೀವ ಉಳಿಸಲು ಡಾಕ್ಟರಮ್ಮ ಗರ್ಭಕೋಶವನ್ನೇ ತೆಗೆದರು. ಎಚ್ಚರವಾದಾಗ ಅವಳು ಅಳಲಿಲ್ಲ. ಮಗಳ ಮುಖ ನೋಡಿ, “ಹೆಸರಿಲ್ಲದೆ ಮಣ್ಣಿಗೆ ಹಾಕಬೇಡಿ. ಅಬ್ಬನ್ನ ಕೇಳ್ಕೊಂಡು ಬಾ” ಎಂದಳು.

ನಾನು ಬಿದ್ದಂಬೀಳ ಓಡಿ ಬಂದೆ. ನೀವು ಪುಸ್ತಕದಿಂದ ತಲೆ ಎತ್ತಲಿಲ್ಲ. “ನನಗಿರೋದು ಒಬ್ಬಳೇ ಮಗಳು. ಅವಳಿಗಿನ್ನೂ ಮದುವೆ ಆಗಿಲ್ಲ” ಎಂದಿರಿ. ಒಳಗೆ ಅಮ್ಮ ಸೆರಗನ್ನು ಬಾಯಿಗೆ ಒತ್ತಿ ಹಿಡಿದಿದ್ದಳು.

ಆಸ್ಪತ್ರೆಗೆ ಮರಳಿ, “ರಹಮತ್ ಅಂತ ಇಡಿ ಅಂದ್ರು ಅಬ್ಬ” ಎಂದುಬಿಟ್ಟೆ.

“ನನ್ನನ್ನ ಮರೆತಿಲ್ಲ ಹಾಗಾದ್ರೆ” ಎಂದಳು. ಆಗ ಅತ್ತಳು, ಹೊಲಿಗೆ ಬಿಚ್ಚೀತೆಂದು ದಾದಿ ಗದರಿಸುವವರೆಗೆ. ಭಾವ ಆ ಪುಟ್ಟ ಬಿಳಿ ಗಂಟನ್ನು ಎದೆಗವಚಿ ಹೊರನಡೆದ. ಜೊತೆಗೆ ಹೋಗಲು ನಮ್ಮ ಕಡೆಯವರು ಯಾರೂ ಇರಲಿಲ್ಲ.

ಶುಕ್ರವಾರ ಅವಳನ್ನು ಆಸ್ಪತ್ರೆಯಿಂದ ಬಿಡುತ್ತಾರೆ. ಮೊದಲು ನಿಮ್ಮಲ್ಲಿಗೆ ಬಂದು, ಹೆಸರು ಕೊಟ್ಟ ಕೈಯನ್ನು ಕಣ್ಣಿಗೊತ್ತಿಕೊಳ್ಳಬೇಕಂತೆ. ಎಷ್ಟು ಹೇಳಿದರೂ ಕೇಳುತ್ತಿಲ್ಲ. ಅವಳನ್ನು ಕ್ಷಮಿಸಿ ಎನ್ನುತ್ತಿಲ್ಲ ಅಬ್ಬಾ. ಅವಳೇನು ತಪ್ಪು ಮಾಡಿದಳೆಂಬುದೇ ನನಗೆ ಗೊತ್ತಿಲ್ಲ. ಬಾಗಿಲು ತೆರೆಯಿರಿ. ಆ ಹೆಸರು ನಿಮ್ಮದೆಂದು ಒಪ್ಪಿಕೊಳ್ಳಿ. ನಾಲಿಗೆ ಏಳದಿದ್ದರೆ ಬರೀ ತಲೆಯಾಡಿಸಿ, ಸಾಕು.

ಅದೂ ನಿಮ್ಮಿಂದ ಆಗದಿದ್ದರೆ, ಹೊಸ್ತಿಲಿನಿಂದ ಅವಳ ತೋಳು ಹಿಡಿದು ಹಿಂದಿರುಗಿಸುವವಳು ನಾನೇ. ನಾನೂ ಮತ್ತೆ ಆ ಮನೆಗೆ ಬರುವುದಿಲ್ಲ.

ದೇವರು ನಿಮ್ಮನ್ನು ಒಬ್ಬಂಟಿ ಮಾಡದಿರಲಿ.

ಇಂದಿನವರೆಗೆ ನಿಮ್ಮ ಮನೆಯಲ್ಲಿರುವ
ಕಿರಿಮಗಳು