ಗುಬ್ಬಿಯನ್ನು ಮುಂದೆ ಕಳಿಸುವ ಉಪಾಯ

ಅದೇ ಮನೆಯಿಂದ,
ಭಾನುವಾರ ಬೆಳಿಗ್ಗೆ

ಪ್ರೀತಿಯ ಯಜಮಾನರಿಗೆ ನಿಮ್ಮ ಗುಬ್ಬಿ ಮಾಡುವ ನಮಸ್ಕಾರಗಳು.

ಹೇಗಿದ್ದೀರಿ? ಬೆನ್ನುನೋವು ಹೇಗಿದೆ? ವೆಲ್ಡರ್ ಅಣ್ಣನ ವರ್ಕ್‌ಶಾಪಿನ ಮೇಲಿನ ಕೋಣೆಯಲ್ಲಿ ಬರೀ ನೆಲದ ಮೇಲೆ ಮಲಗುತ್ತೀರಂತೆ. ನಮ್ಮ ಹಾಸಿಗೆ ಮೆತ್ತಗಾಯಿತು ಎಂದು ದಿನವೂ ಗೊಣಗುತ್ತಿದ್ದವರಿಗೆ ದೇವರು ಕೊನೆಗೂ ಗಟ್ಟಿ ನೆಲ ಕರುಣಿಸಿದ. ಕೆಳಗೆ ದಿನವಿಡೀ ಕಬ್ಬಿಣ ಉಜ್ಜುವ ಗ್ರೈಂಡರ್ ಕಿರುಚುತ್ತಿದ್ದರೂ ನಿಮಗೆ ಅಲ್ಲಿ ಶಾಂತಿ ಸಿಕ್ಕಿದೆ ಎಂದು ಕೇಳಿ ಸಂತೋಷವಾಯಿತು. ಇಲ್ಲಾದರೆ ನಾನು ಮಾತಾಡುತ್ತಿದ್ದೆ, ಮಗಳು ನಗುತ್ತಿದ್ದಳು, ಯಾರಿಗಾದರೂ ಉಸಿರು ಕಟ್ಟಬೇಕಾದದ್ದೇ. ಫೋನ್ ಬಿಟ್ಟು ಕಾಗದ ಹಿಡಿದಿದ್ದಾಳಲ್ಲ ಎಂದು ಆಶ್ಚರ್ಯಪಡಬೇಡಿ. ನಿಮ್ಮ ಫೋನು ನನ್ನ ನಂಬರಿಗೆ ಬಾಗಿಲು ಹಾಕಿಕೊಂಡಿದೆ, ಕಾಗದಕ್ಕೆ ಆ ಸೌಲಭ್ಯ ಇಲ್ಲ. ಓದದೆ ಹರಿದು ಹಾಕುತ್ತೀರೆಂಬ ಭಯವೂ ನನಗಿಲ್ಲ, ಏಕೆಂದರೆ ಇದರಲ್ಲಿ ನಿಮ್ಮ ಆಟದ ಮೆಷಿನಿನ ಸುದ್ದಿ ಇದೆ.

ನಾನೂ ಚೆನ್ನಾಗಿದ್ದೇನೆ, ನೀವು ಕೇಳದಿದ್ದರೂ ಹೇಳುತ್ತೇನೆ. ಕನ್ನಡಕದಂಗಡಿಯ ಕೆಲಸ ಹಾಗೆಯೇ ನಡೆದಿದೆ. ಹಿಂದಿನ ಕೋಣೆಯಲ್ಲಿ ಕೂತು ಗಾಜು ಉಜ್ಜುತ್ತೇನೆ, ಫ್ರೇಮಿಗೆ ಕೂರಿಸುತ್ತೇನೆ, ಊರಿನವರಿಗೆಲ್ಲ ಕಣ್ಣು ಕಾಣಿಸುವ ಹಾಗೆ ಮಾಡಿ ಮನೆಗೆ ಬರುತ್ತೇನೆ. ಮಗಳ ಕನ್ನಡಕದ ನಂಬರು ಮತ್ತೆ ಏರಿದೆ, ಹೊಸ ಗಾಜನ್ನು ನಾನೇ ಉಜ್ಜಿ ಕೂರಿಸಿಕೊಟ್ಟೆ. ಆಟ ಆಡಿ ಕಣ್ಣು ಹಾಳುಮಾಡಿಕೊಂಡಳು ಎಂದು ನೀವು ಬೈಯುವ ಹಾಗಿಲ್ಲ, ನೀವಿದ್ದಾಗ ಆ ಮೆಷಿನು ಅವಳ ಕೈಗೆ ಸಿಕ್ಕಿದ್ದೇ ಅಪರೂಪ. ನಿಮ್ಮ ಹೆಗಲ ಮೇಲಿಂದ ಇಣುಕಿ ಇಣುಕಿ ಕುತ್ತಿಗೆ ಉದ್ದವಾಯಿತು ಎಂದರೆ ಒಪ್ಪಬಹುದು.

ಇನ್ನು ಆಟದ ವಿಷಯ. ಅಂಗಡಿಯವನು ಮೂಲೆಯ ಬುಟ್ಟಿಗೆ ಎಸೆದಿದ್ದ, ಮೆಷಿನಿಗೆ ತೂರಿಸುವ ಆ ಪುಟ್ಟ ಆಟದ ಕಾರ್ಡನ್ನು ನೀವು ಎದೆಗವಚಿಕೊಂಡು ತಂದ ದಿನ ನನಗೆ ಚೆನ್ನಾಗಿ ನೆನಪಿದೆ. ಯಾವುದೋ ಜಪಾನಿ ಕಾರ್ಟೂನ್ ಧಾರಾವಾಹಿಯ ಮೇಲೆ ಮಾಡಿದ, ಗುಂಡು ಹಾರಿಸುವ ಆಟ. ಕಾರ್ಟೂನ್ ಅಂದರೆ ನಿಮಗೆ ಮೂಗಿನ ತುದಿಯಲ್ಲಿ ಸಿಟ್ಟು. “ಕಾರ್ಟೂನ್ ಅಲ್ಲ ಕಣೇ, ಅನಿಮೆ. ಎಷ್ಟು ಸಲ ಹೇಳೋದು?” ಆಯಿತು, ಅನಿಮೆ. ಬಿಡುಗಡೆಯಾದಾಗ ಅದನ್ನು ಯಾರೂ ಮೂಸಿ ನೋಡಲಿಲ್ಲವಂತೆ, ವಿಮರ್ಶೆ ಬರೆದವರು ಹತ್ತಕ್ಕೆ ನಾಲ್ಕು ಕೊಟ್ಟು ಕೈತೊಳೆದುಕೊಂಡರಂತೆ, ಇಂಥ ರತ್ನದ ಬೆಲೆ ಈ ಲೋಕಕ್ಕೆ ತಿಳಿಯಲಿಲ್ಲವಂತೆ. ಊಟದ ತಟ್ಟೆಯ ಮುಂದೆ ಕೂತು ನೀವು ಮರುಗಿದ್ದೇ ಮರುಗಿದ್ದು. ನೀವು ದುಡಿಯುವ ಲಿಫ್ಟ್ ರಿಪೇರಿ ಕಂಪನಿಯವರು ನಿಮ್ಮ ಬೆಲೆಯನ್ನೂ ತಿಳಿಯಲಿಲ್ಲವಲ್ಲ, ಅದಕ್ಕೇ ನಿಮಗೆ ಆ ಆಟದ ಮೇಲೆ ಒಡಹುಟ್ಟಿದವನ ಮಮತೆ ಎಂದುಕೊಳ್ಳುತ್ತಿದ್ದೆ. ಆದರೆ ಒಂದು ಮಾತು ಒಪ್ಪುತ್ತೇನೆ, ಆಟ ನಿಜಕ್ಕೂ ಚೆನ್ನಾಗಿದೆ. ಆ ಬೂದಿ ಬಣ್ಣದ ಆಕಾಶ, ಅದರಲ್ಲಿ ದುಂಬಿಗಳ ಹಾಗೆ ಗುಂಯ್‌ಗುಡುವ ವಿಮಾನಗಳು, ಎಲ್ಲ ಅಂಗೈಯಗಲದ ಪರದೆಯ ಮೇಲೆ. ನೋಡುತ್ತಾ ಕೂತರೆ ಒಲೆಯ ಮೇಲೆ ಇಟ್ಟದ್ದು ಸೀದದ್ದೂ ತಿಳಿಯುವುದಿಲ್ಲ.

ನಿಯಮಗಳನ್ನು ನನಗೆ ಹೇಳಿಕೊಟ್ಟವರು ನೀವೇ. ಎರಡು ವಿಮಾನ. ಒಂದು ಮುಂದಾಳಿನದು, ನಡೆಸುವವರು ನೀವು, ಅವನಿಗೆ ನಿಮ್ಮದೇ ಹೆಸರು, ಪಕ್ಕದಲ್ಲಿ ಕ್ಯಾಪ್ಟನ್ ಎಂಬ ಬಿರುದು. ಇನ್ನೊಂದು ಜೊತೆಗಾರಳದು, ಹೇಳಿದ ಕಡೆ ಹಾರುತ್ತದೆ. ಮುಂದಾಳು ಸತ್ತರೆ ಆಟ ಸ್ವಲ್ಪ ಹಿಂದಕ್ಕೆ ಹೋಗಿ ಮತ್ತೆ ಶುರುವಾಗುತ್ತದೆ. ಜೊತೆಗಿದ್ದವರು ಸತ್ತರೆ ಸತ್ತ ಹಾಗೆಯೇ, ಎದ್ದು ಬರುವುದಿಲ್ಲ. ಬದಲಿಗೆ ಹೊಸಬರನ್ನು ಕೊಟ್ಟು ಹೆಸರಿಡಿ ಎನ್ನುತ್ತದೆ. ನೀವು ‘ಗುಬ್ಬಿ’ ಎಂದಿಟ್ಟಿರಿ. “ನೋಡು, ನಿನ್ನ ಹೆಸರೇ ಇಟ್ಟಿದೀನಿ” ಎಂದು ತೋರಿಸಿದಾಗ ನಾನು ಹಿಗ್ಗಿ ಹೀರೇಕಾಯಿಯಾದೆ, ಮರುದಿನ ಅಂಗಡಿಯಲ್ಲೆಲ್ಲ ಹೇಳಿಕೊಂಡು ತಿರುಗಿದೆ. ಆಮೇಲೆ ನಿಮ್ಮ ಪಕ್ಕದಲ್ಲಿ ಕೂತು ನಿಮ್ಮ ಅಂಗಿಗೆ ಗುಂಡಿ ಹೊಲಿಯುತ್ತಾ ನಿಮ್ಮ ಉಪಾಯವನ್ನು ಕಣ್ಣಾರೆ ಕಂಡೆ. ಪ್ರತಿ ಕೋಟೆಯ ಗೇಟಿನಲ್ಲೂ ಫಿರಂಗಿಗಳಿರುತ್ತವೆ. ಅವು ಮೊದಲು ಬಂದವರ ಮೇಲೆ ಗುಂಡು ಸುರಿಸುತ್ತವೆ. ಗುಬ್ಬಿಯನ್ನು ಮುಂದೆ ಕಳಿಸಿ, ಅವಳು ಉರಿಯುತ್ತಿರುವಾಗ ಹಿಂದಿನಿಂದ ಹೊಡೆದರೆ ಗೇಟು ಬೀಳುತ್ತದೆ. “ಗುಬ್ಬಿ ಹೋದ್ರೆ ಹೋಗ್ಲಿ ಬಿಡು, ಇನ್ನೊಂದು ಬರತ್ತೆ” ಎಂದಿರಿ. ಬಂದ ಹೊಸಬಳಿಗೂ ಗುಬ್ಬಿ ಎಂದೇ ಹೆಸರಿಟ್ಟಿರಿ, ಅವಳ ನಂತರದವಳಿಗೂ ಅದೇ. ಇಂಥ ಏಕಪತ್ನೀವ್ರತ ಯಾರಿಗುಂಟು ಹೇಳಿ.

ನನಗೇನೂ ಅದು ಹೊಸದಾಗಿರಲಿಲ್ಲ ಬಿಡಿ. ನಮ್ಮ ಬಚ್ಚಲಿನ ನೀರು ಸೋರಿ ಕೆಳಮನೆಯವರು ಜಗಳಕ್ಕೆ ಬಂದಾಗ ಬಾಗಿಲು ತೆಗೆದವಳು ನಾನು. ಶಾಲೆಯಿಂದ ಕರೆ ಬಂದಾಗ ಹೋಗಿ ತಲೆ ತಗ್ಗಿಸಿ ನಿಂತವಳೂ ನಾನು. ನೀವು ಒಳಗಿನ ಕೋಣೆಯಲ್ಲಿ ಕೂತು ಗುರಿ ಇಡುತ್ತಿದ್ದಿರಿ.

ಮಗಳು ಒಂದು ಸಂಗತಿ ಕಂಡುಹಿಡಿದಳು, ನೆನಪಿದೆಯೇ? ಮೆಷಿನಿನ ಮೇಲ್ತುದಿಯ ಎರಡೂ ಗುಂಡಿಗಳನ್ನು ಒಟ್ಟಿಗೆ ಒತ್ತಿದರೆ ಜಾಗ ಅದಲುಬದಲಾಗುತ್ತದೆ. ಗುಬ್ಬಿ ಮುಂದಾಳು, ಕ್ಯಾಪ್ಟನ್ ಜೊತೆಗಾರ. ಕುಣಿದುಕೊಂಡು ಬಂದು ತೋರಿಸಿದರೆ ನೀವು ಕೈಯಿಂದ ಕಿತ್ತುಕೊಂಡಿರಿ. “ನನ್ನ ಕ್ಯಾಪ್ಟನ್‌ನ ಜೊತೆಗಾರ ಮಾಡ್ತೀಯಾ? ಹಾಗೆ ಸತ್ರೆ ಅವನು ಮತ್ತೆ ಸಿಗಲ್ಲ, ಗೊತ್ತಾ?” ಅವಳು ಕೈ ಹಿಂದಕ್ಕೆ ಕಟ್ಟಿಕೊಂಡು ಗೋಡೆಗೆ ಒರಗಿ ನಿಂತಳು. ಸಂಜೆ ನಿಮಗೂ ಪಾಪ ಅನ್ನಿಸಿರಬೇಕು, ಅವಳನ್ನು ಕರೆದು ತೊಡೆಯ ಮೇಲೆ ಕೂರಿಸಿಕೊಂಡು, “ಕೊನೇ ಗೇಟು ನಾವಿಬ್ರೂ ಒಟ್ಟಿಗೆ ಒಡೆಯೋಣ ಪುಟ್ಟಿ, ಅದರಾಚೆ ಏನಿದೆ ಅಂತ ನಿನ್ನ ಬಿಟ್ಟು ನೋಡಲ್ಲ” ಎಂದು ಮಾತು ಕೊಟ್ಟಿರಿ. ಆ ಮಾತನ್ನು ಅವಳು ಗಂಟು ಹಾಕಿ ಇಟ್ಟುಕೊಂಡಳು. ಆಟ ಕೊನೆಯ ಗೇಟಿಗೆ ಬಂದು ನಿಂತಿತು, ಅದೇ ವಾರ ನೀವು ಬ್ಯಾಗು ಹೆಗಲಿಗೇರಿಸಿಕೊಂಡು ಮೆಟ್ಟಿಲಿಳಿದಿರಿ. ಅವಸರದಲ್ಲಿ ಮೆಷಿನು ದಿಂಬಿನಡಿ ಉಳಿಯಿತು. ಮಗಳೂ ಉಳಿದಳು.

ಹದಿನೈದು ದಿನದ ಹಿಂದೆ ವೆಲ್ಡರ್ ಅಣ್ಣ ನಿಮ್ಮ ಸಂದೇಶ ತಂದ. ಪಾಪ, ಬಾಗಿಲಲ್ಲಿ ಚಪ್ಪಲಿ ಬಿಡಲೋ ಬೇಡವೋ ಎಂದು ಒದ್ದಾಡುತ್ತಾ, ಮೆಷಿನ್ ಬೇಕಂತೆ, ಯಾರೂ ಮುಟ್ಟಬಾರದಂತೆ, ಆಟ ನಿಂತ ಜಾಗದಲ್ಲೇ ಇರಬೇಕಂತೆ ಎಂದ. ಮಗಳು ನನ್ನ ಹಿಂದಿನಿಂದ ಬಂದು, “ನನ್ನ ಬಗ್ಗೆ ಅಪ್ಪ ಏನಾದ್ರೂ ಕೇಳಿದ್ರಾ?” ಎಂದಳು. ಆ ಮನುಷ್ಯನಿಗೆ ಕಬ್ಬಿಣ ಬೆಸೆಯಲು ಬರುತ್ತದೆ, ಸುಳ್ಳು ಬೆಸೆಯಲು ಬರುವುದಿಲ್ಲ. ಕೇಳಿದರು ಪುಟ್ಟಿ ಎಂದ. ಇವಳು ಬಿಡಬೇಕಲ್ಲ, ಏನು ಕೇಳಿದರು ಎಂದಳು. ಅವನು ಗೋಡೆಯ ಸ್ವಿಚ್ಚು ನೋಡುತ್ತಾ ಹೇಳಿದ, “ಚಾರ್ಜರ್ ಎಲ್ಲಿಟ್ಟಿದ್ದಾಳೆ ಅಂತ.”

ನಾನು ಅವನ ಕೈಯಲ್ಲೇ ಹೇಳಿ ಕಳಿಸಿದೆ: ಭಾನುವಾರ ನೀವೇ ಬನ್ನಿ, ಮಗಳ ಜೊತೆ ಕೂತು ಕೊನೆಯ ಗೇಟು ಒಡೆಯಿರಿ, ಆಮೇಲೆ ಮೆಷಿನು ತೆಗೆದುಕೊಂಡು ಎಲ್ಲಿಗೆ ಬೇಕಾದರೂ ಹೋಗಿ. ನಾನು ಕಣ್ಣಿಗೂ ಬೀಳುವುದಿಲ್ಲ, ಅಂಗಡಿಗೆ ಹೋಗಿರುತ್ತೇನೆ. ಕಳೆದ ಭಾನುವಾರ ಅವಳು ಬೆಳಿಗ್ಗೆಯೇ ತಲೆ ಬಾಚಿಸಿಕೊಂಡು, ಕಿಟಕಿ ಪಕ್ಕ ಎರಡು ದಿಂಬು ಜೋಡಿಸಿ, ದೊಡ್ಡದು ಅಪ್ಪನಿಗೆ ಎಂದು ಹೇಳಿ, ಕನ್ನಡಕ ಒರೆಸಿ ಒರೆಸಿ ಹಾಕಿಕೊಂಡು ಕೂತಳು. ನಾನು ಹೊರಡಲು ಚಪ್ಪಲಿ ಮೆಟ್ಟಿದವಳು, ನೀವು ಬಂದಮೇಲೆ ಹೋದರಾಯಿತು ಎಂದು ಹೊಸ್ತಿಲಲ್ಲೇ ಕೂತೆ. ಮೆಟ್ಟಿಲ ಮೇಲೆ ಯಾರ ಹೆಜ್ಜೆ ಕೇಳಿದರೂ ಮಗಳು ಎದ್ದು ಬಾಗಿಲಿಗೆ ಓಡುತ್ತಿದ್ದಳು. ಸಂಜೆ ವೆಲ್ಡರ್ ಅಣ್ಣನ ಫೋನಿನಿಂದ ನಿಮ್ಮ ಉತ್ತರ ಬಂತು: ಬರೋಕೆ ಪುರುಸೊತ್ತಿಲ್ಲ, ಮುಂದಿನ ವಾರ ಇವನ ಕೈಲಿ ಕಳಿಸಿದರೆ ಸಾಕು. ಲೋಕದ ಲಿಫ್ಟುಗಳೆಲ್ಲ ಅಂದೇ ಕೆಟ್ಟು ನಿಂತಿದ್ದವೋ ಏನೋ.

ಆದ್ದರಿಂದ ಕಳಿಸುತ್ತಿದ್ದೇನೆ. ಪರದೆ ಒರೆಸಿ, ಹಳೆಯ ಟವೆಲಿನಲ್ಲಿ ಸುತ್ತಿ ಇಟ್ಟಿದ್ದೇನೆ. ನಿಮ್ಮ ಮಾತಿನಂತೆ ನಾನು ಒಂದು ಗುಂಡಿಯನ್ನೂ ಮುಟ್ಟಿಲ್ಲ, ಬೇಕಾದರೆ ಆಣೆ ಇಡುತ್ತೇನೆ. ಗ್ರೈಂಡರಿನ ದೂಳಿನಲ್ಲಿ ಇಡಬೇಡಿ, ಗಾಜಿಗೆ ಗೀರು ಬೀಳುತ್ತದೆ, ಗಾಜಿನ ವಿಷಯ ನನಗೆ ಗೊತ್ತು. ಹೊತ್ತಿಗೆ ಸರಿಯಾಗಿ ಊಟ ಮಾಡಿ, ಬೆನ್ನಿಗೆ ಎಣ್ಣೆ ಹಚ್ಚಿಕೊಳ್ಳಿ, ಕೈ ಎಟುಕದಿದ್ದರೆ ಹಾಗೇ ಬಿಡಿ. ನೀವು ಬಯಸಿ ಹೋದ ಶಾಂತಿ ನಿಮ್ಮನ್ನು ಕೊನೆಯವರೆಗೂ ಬಿಡದೆ ಕಾಯಲಿ.

ಇತಿ,
ಸದ್ಯಕ್ಕೆ ಬದುಕಿರುವ ನಿಮ್ಮ ಗುಬ್ಬಿ

ತಾ.ಕ.: ವೆಲ್ಡರ್ ಅಣ್ಣ ಮೆಟ್ಟಿಲು ಹತ್ತುವ ಸದ್ದು ಕೇಳುತ್ತಿದೆ, ಬೇಗ ಬರೆದು ಮುಗಿಸುತ್ತೇನೆ. ಕಳೆದ ಭಾನುವಾರ ನಿಮ್ಮ ಉತ್ತರ ಬಂದಮೇಲೆ ದಿಂಬು ಎತ್ತಿಡಲು ಹೋದರೆ ಮಗಳು ಮೆಷಿನು ಹಚ್ಚಿಕೊಂಡು ಕೂತಿದ್ದಳು. ಎರಡೂ ಗುಂಡಿ ಒಟ್ಟಿಗೆ ಒತ್ತಿ ಗುಬ್ಬಿಯನ್ನು ಮುಂದಾಳು ಮಾಡಿದಳು, ನಿಮ್ಮ ಕ್ಯಾಪ್ಟನ್‌ನನ್ನು ಫಿರಂಗಿಗಳ ಬಾಯಿಗೆ ಕಳಿಸಿದಳು. ಪುಟ್ಟಿ, ಅವನು ಮತ್ತೆ ಸಿಗಲ್ಲ ಕಣೇ ಎಂದೆ. “ಗೊತ್ತಮ್ಮ” ಎಂದಳು. ಅವನು ಉರಿದು ಬೀಳುತ್ತಿರುವಾಗ ಹಿಂದಿನಿಂದ ಹೊಡೆದು ಗೇಟು ಒಡೆದಳು. ಅದರಾಚೆ ಏನಿದೆ ಎಂದು ನಾವಿಬ್ಬರೂ ನೋಡಿದೆವು, ತುಂಬಾ ಚೆನ್ನಾಗಿತ್ತು. ಆಮೇಲೆ ಆಟ, ಗುಬ್ಬಿಗೆ ಹೊಸ ಜೊತೆಗಾರ ಬಂದಿದ್ದಾನೆ, ಹೆಸರಿಡಿ ಎಂದಿತು. ಅಪ್ಪನ ಹೆಸರು ಇಡುತ್ತೀಯಾ ಎಂದು ಕೇಳಿದೆ. “ಅಪ್ಪ ಹೋದ್ರೆ ಹೋಗ್ಲಿ ಬಿಡಮ್ಮ, ಇನ್ನೊಬ್ರು ಬರ್ತಾರೆ” ಎಂದಳು. ಚಾರ್ಜರ್ ಜೊತೆಯಲ್ಲೇ ಇಟ್ಟಿದ್ದೇನೆ.