ಹೊಸದೆಂದು ಕೊಟ್ಟ ಕಾರ್ಡು

ಅಗರ, ಯಳಂದೂರು ತಾಲ್ಲೂಕು

ಕೊಳ್ಳೇಗಾಲದ ಸ್ಟುಡಿಯೋ ಮಾಲೀಕರಾದ ಪ್ರಭುಸ್ವಾಮಿಯವರಿಗೆ,

ದೀರ್ಘ ಆಫ್ರಿಕಾ ಪ್ರವಾಸಕ್ಕೆಂದು ನಿಮ್ಮಲ್ಲಿ ಕೊಂಡ ನಾಲ್ಕು ಮೆಮೊರಿ ಕಾರ್ಡುಗಳಲ್ಲಿ ಒಂದನ್ನು, ನನ್ನ ಅಭ್ಯಾಸದಂತೆ, ಪರೀಕ್ಷಿಸಿದೆ. “ಎಲ್ಲಾ ಒಸಾವು ಸಾ” ಎಂದಿದ್ದಿರಿ. ಅಳಿಸಿದ ಚಿತ್ರಗಳನ್ನು ಮರಳಿ ತೆಗೆಯುವ ತಂತ್ರಾಂಶಕ್ಕೆ ಅದರಲ್ಲಿ ನನ್ನ ಮಗಳ ಮದುವೆ ಸಿಕ್ಕಿತು. “ಕಾರ್ಡೇ ಸತ್ತೋಯ್ತು ಸಾ, ಏನ್ ಮಾಡನ” ಎಂದು, ಮದುವೆಯಲ್ಲಿ ನೀವೇ ತೆಗೆದು ಆಮೇಲೆ ಕೈಚೆಲ್ಲಿದ್ದ ಚಿತ್ರಗಳೇ ಅವು. ಅಳಿಸಿ ಮಾರುವುದೇ ಕಸುಬಾದರೂ, ಅಳಿಸುವುದನ್ನೂ ನೀವು ಸರಿಯಾಗಿ ಕಲಿತಿಲ್ಲ.

ಧಾರೆ ಎರೆಯುತ್ತಿರುವ ನನ್ನ ಹೆಂಡತಿಯ ಮುಖ ಸ್ಪಷ್ಟವಾಗಿದೆ. ಆಕೆ ತೀರಿಕೊಂಡ ಮೇಲೆ ಆ ಚಿತ್ರಕ್ಕಾಗಿ ನಿಮ್ಮ ಅಂಗಡಿಗೆ ಮತ್ತೆ ಬಂದಿದ್ದೆ, ನಿಮಗೆ ನೆನಪಿರಲಾರದು.

ಈ ಕಾರ್ಡು ಪ್ರವಾಸಕ್ಕೆ ಬರುವುದಿಲ್ಲ. ಉಳಿದ ಮೂರನ್ನು ಹಿಂದಿರುಗಿಸಿದ್ದೇನೆ. ಪರೀಕ್ಷಿಸದೆ ಮಾರಬೇಡಿ. ಅವುಗಳಲ್ಲೂ ಯಾರದೋ ಮನೆಯವರಿರಬಹುದು.

ಇತಿ,
ಸಿ. ನಂಜುಂಡಸ್ವಾಮಿ